ಗಣಿತ ಮಾಸ್ತರರ ಮಗಳಿಗೆ ಟ್ಯೂಷನ್

ಮಗಳು ಒಂದೇ ಒಂದು ಸಲ ತಾನಾಗಿ ಬಂದು "ಪಪ್ಪಾ, ಈ ಲೆಕ್ಕ ಹೇಳಿಕೊಡ್ರಿ" ಅನ್ನಲಿ ಎಂಬುದಷ್ಟೇ ಸುಶೀಲಕುಮಾರ ಮಾಸ್ತರರ ಆಸೆ. ಚಿಂತಾಕಿ ಕಡೆಯ ಶಾಲೆಗಳಲ್ಲಿ ಹದಿನೆಂಟು ವರ್ಷ ಗಣಿತ ಕಲಿಸಿ, ಈಗ ಬೀದರಿಗೆ ವರ್ಗವಾಗಿ ಬಂದ ಮಹಾನುಭಾವರು. ಅವರು ತರಗತಿಯೊಳಗೆ ಕಾಲಿಟ್ಟರೆ ಮಕ್ಕಳು ನಡುಗುತ್ತಿದ್ದರು. (ಅದನ್ನೇ ಗೌರವ ಎಂದು ತಿಳಿದಿದ್ದರು, ಪಾಪ.) ಆರನೇ ತರಗತಿಯ ಮಗಳು ಮಾಯಾ ಅಪ್ಪನ ಚಪ್ಪಲಿ ಸಪ್ಪಳ ಕೇಳಿದರೆ ಸಾಕು, ಗಣಿತ ಪುಸ್ತಕ ಮುಚ್ಚಿ ಹಿಂದಿ ಪುಸ್ತಕ ತೆರೆಯುತ್ತಿದ್ದಳು.

ಒಂದು ದಿನ ಅವರೇ ಹಿಡಿದು ಕೂಡಿಸಿದರು.

"ಅರ್ಧಕ್ಕ ಮೂರನೇ ಒಂದು ಕೂಡಿಸಿದ್ರ ಎಷ್ಟು?"

ಮಾಯಾ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ, ಉಸಿರು ಹಿಡಿದು, "ಐದನೇ ಎರಡ್ರಿ" ಎಂದಳು.

"ಛೇದಾ ಸಮಾ ಮಾಡ್ದೆ ಕೂಡಸ್ತಾರೇನ? ತಲ್ಯಾಗ ಏನ್ ಅದ ನಿಂದು?"

ಆ ದನಿಗೆ ಪಕ್ಕದ ಮನೆಯ ಕುಕ್ಕರ್ ಕೂಡ ಸೀಟಿ ನುಂಗಿಕೊಂಡಿತು. ಮಾಯಾ ಅತ್ತಳು.

"ಗಲ್ಲಿಗೆಲ್ಲಾ ಪಾಠ ಆಯ್ತ್ರಿ, ಮಗಳೊಬ್ಬಕಿಗಿ ಬಿಟ್ಟು," ಹೆಂಡತಿ ಆಮ್ರಪಾಲಿ ಒಳಗಿನಿಂದಲೇ ಅಂದಳು. "ಸುಮ್ನ ಟ್ಯೂಷನ್ನಿಗಿ ಹಾಕ್ರಿ."

"ಗಣಿತ ಮಾಸ್ತರನ ಮಗಳು ಟ್ಯೂಷನ್ನಿಗಿ? ನನ್ನ ಇಜ್ಜತ್ ಏನಾಗಬೇಕು?"

"ಪರೀಕ್ಷಾದಾಗ ಇಜ್ಜತಿಗಿ ಎಷ್ಟ್ ಮಾರ್ಕ್ಸ್ ಕೊಡ್ತಾರ್ರಿ?"

ಎರಡು ತಿಂಗಳಾಯಿತು. ಮಾಯಾಗೆ ಗಣಿತದಲ್ಲಿ ಇಪ್ಪತ್ತಕ್ಕೆ ಹದಿನೇಳು! ಮಾಸ್ತರರು ಸಹೋದ್ಯೋಗಿಗಳಿಗೆ ಚಹಾ ಕುಡಿಸಿ, ಗದರಿಕೆಯ ಮಹಿಮೆ ಕುರಿತು ಭಾಷಣ ಬಿಗಿದು, ಪೇಢೆ ಕಟ್ಟಿಸಿಕೊಂಡು ಎಂದಿಗಿಂತ ಬೇಗ ಮನೆಗೆ ಬಂದರೆ, ಮಗಳಿಲ್ಲ.

"ತಹಮೀನಾ ಟೀಚರ್ ಕಡಿ ಟ್ಯೂಷನ್ನಿಗಿ ಹೋಗ್ಯಾಳ್ರಿ, ಹಿಂದಿನ ಗಲ್ಲಿಗಿ," ಎಂದಳು ಆಮ್ರಪಾಲಿ, ಹಿಟ್ಟು ನಾದುತ್ತ. "ಎರಡ್ ತಿಂಗಳಾಯ್ತು. ದಿನಾ ನೀವು ಬರೂದ್ರಾಗ ಬಂದ್ಬಿಡ್ತಾಳ."

ಮಾಸ್ತರರು ಪೇಢೆಯ ಪೊಟ್ಟಣವನ್ನೂ ಕೆಳಗಿಡಲಿಲ್ಲ. ಅದೇ ಕಾಲಲ್ಲಿ ಹಿಂದಿನ ಗಲ್ಲಿಗೆ ನಡೆದರು.

ಅಲ್ಲಿ ಬೋರ್ಡಿನ ಮೇಲೆ ಅದೇ ತಪ್ಪು ಉತ್ತರ, ಐದನೇ ಎರಡು, ದೊಡ್ಡದಾಗಿ ಬರೆದಿತ್ತು. ಪಕ್ಕದಲ್ಲಿ ಸೀಮೆಸುಣ್ಣ ಹಿಡಿದು ನಿಂತವಳು ಮಾಯಾ!

"ಗುಡಿಯಾ, ಅರ್ಧಾ ರೊಟ್ಟಿ ತಿಂದಿ, ಮ್ಯಾಲ ಮತ್ತ ತಿಂದಿ. ಒಟ್ಟು ಅರ್ಧಕ್ಕಿಂತ ಕಡಿಮಿ ಹ್ಯಾಂಗಾಯ್ತ?"

ಹೊಸದಾಗಿ ಸೇರಿದ್ದ ಗುಡಿಯಾ ತಲೆ ಕೆರೆದುಕೊಂಡಳು. ಎಲ್ಲರೂ ನಕ್ಕರು, ಗುಡಿಯಾ ಕೂಡ. ಅಷ್ಟರಲ್ಲಿ ಮಾಯಾ ಬಾಗಿಲ ಕಡೆ ನೋಡಿದಳು. ನಗು ನಿಂತೇ ಹೋಯಿತು.

ತಹಮೀನಾ ಟೀಚರ್ ಗಡಬಡಿಸಿ ಎದ್ದಳು. "ನಮಸ್ಕಾರ್ರಿ ಸರ್! ನಾ ಚಿಂತಾಕಿ ತಹಮೀನಾ, ನಿಮ್ಮ ಕೈಯಾಗೇ ಕಲ್ತಾಕಿ."

ಮಾಸ್ತರರ ಎದೆ ಮತ್ತೆ ಉಬ್ಬಿತು. "ಹಾಂಗಾದ್ರ ಇದೆಲ್ಲಾ ನನ್ನ ಪದ್ಧತಿನೇ!"

"ಹೌದ್ರಿ ಸರ್," ತಹಮೀನಾ ಬಹಳ ವಿನಯದಿಂದ ಹೇಳಿದಳು. "ನಿಮ್ಮ ಕ್ಲಾಸಿನ್ಯಾಗ ಏನೇನಕ್ಕ ಅಂಜತಿದ್ದೆ ನೋಡ್ರಿ, ಅದು ಒಂದೂ ಇಲ್ಲಿ ಮಾಡಂಗಿಲ್ಲ."

ಅಪ್ಪ ಮಗಳು ಮನೆಯ ಕಡೆ ನಡೆದರು. ಅರ್ಧ ಗಲ್ಲಿ ದಾಟಿದ ಮೇಲೆ ಮಾಸ್ತರರೇ, ಜೀವಮಾನದಲ್ಲೇ ಮೊದಲ ಸಲ ಮೆಲ್ಲನೆಯ ದನಿಯಲ್ಲಿ, ಕೇಳಿದರು.

"ನನಗ್ಯಾಕ ಒಮ್ಮೆನೂ ಕೇಳ್ಲಿಲ್ಲವ್ವಾ ನೀ?"

ಮಾಯಾ ಕೈಗಂಟಿದ ಸೀಮೆಸುಣ್ಣದ ಪುಡಿ ಒರೆಸಿಕೊಂಡಳು.

"ನಿಮಗ ಕೇಳ್ಬೇಕಂದ್ರ ಮೊದಲ ಉತ್ತರ ಬರಬೇಕಲ್ರಿ, ಪಪ್ಪಾ."