ಅತ್ತೆಯರು ಹೊರಗೆ ಕೂರಬೇಕು!

ನನ್ನ ಓರಗಿತ್ತಿಯಿಂದ, ಅಂದರೆ ಭಾವನವರ ಹೆಂಡತಿಯಿಂದ, ಸಲಹೆ ಪಡೆಯದ ಜೀವ ಯಲಹಂಕದಲ್ಲಿ ಇನ್ನೂ ಹುಟ್ಟಿಲ್ಲ! ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಬಸ್ಸಿನ ಡ್ರೈವರಿಗೂ ದಾರಿ ಹೇಳಿಕೊಟ್ಟವಳು. ಇಂಥವಳನ್ನು ನಮ್ಮ ಬಡಾವಣೆಯ ಸರ್ಕಾರಿ ಆಸ್ಪತ್ರೆಯವರು ಸಲಹಾ ಸಮಿತಿಗೆ ಸೇರಿಸಿಕೊಂಡರು. ಹೆಂಗಸೊಬ್ಬಳು ಇರಲೇಬೇಕಂತೆ. ಊರೆಲ್ಲ ಹುಡುಕಿ ಇವಳನ್ನೇ ಆರಿಸಿದರಲ್ಲ, ಏನು ಗ್ರಹಚಾರವೋ!

ಅಲ್ಲಿಯ ಪದ್ಧತಿ ಸುಲಭ. ಖಾಲಿ ಪುಟಕ್ಕೆ ಎಲ್ಲರ ರುಜು, ಆಮೇಲೆ ಟೀ, ಆಮೇಲೆ ಮನೆ. ಸಭೆಯಲ್ಲಿ ಏನಾಯಿತೆಂದು ಕ್ಲರ್ಕು ಪುರುಸೊತ್ತಾದಾಗ ಬರೆದುಕೊಳ್ಳುತ್ತಿದ್ದ.

"ಏನೂ ಬರ್ದೇ ಇಲ್ವಲ್ಲಪ್ಪ, ಯಾವುದಕ್ಕೆ ರುಜು ಹಾಕ್ಲಿ?" ಎಂದಳಂತೆ ಇವಳು. "ಬರ್ಕೋ. ಡಾಕ್ಟ್ರು ಬಸುರಿ ಒಬ್ಬಳನ್ನೇ ಕೂರಿಸ್ಕೊಂಡು ಕೇಳ್ಬೇಕು. ಅತ್ತೆ ಹೊರಗೆ!"

"ಸಮಿತಿ ಸಲಹೆ ಮಾತ್ರ ಕೊಡೋದಮ್ಮ, ರೂಲ್ಸ್ ಮಾಡಲ್ಲ," ಎಂದು ಡಾಕ್ಟರಮ್ಮ ನಕ್ಕರಂತೆ.

"ನಾನೂ ಸಲಹೆನೇ ಕೊಡ್ತಿರೋದು. ಬರೆಯೋಗಂಟ ಏಳಲ್ಲ!"

ಎರಡನೇ ಟೀ ಬಂತು. ಮೂರನೆಯದೂ ಬಂತು. ಕೊನೆಗೆ ಬರೆದರು. ಮೂರನೇ ಕ್ಲಾಸು ಓದಿದವಳು ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿ, ರುಜು ಹಾಕಿಯೇ ಎದ್ದಳು. ಮುಂದಿನ ವಾರ ಡಾಕ್ಟರಮ್ಮನ ಕೋಣೆಯ ಬಾಗಿಲಿಗೆ 'ಅತ್ತೆಯರು ಹೊರಗೆ ಕೂರಬೇಕು' ಎಂದು ಬೋರ್ಡೇ ಬಂತು!

ಆ ಬೋರ್ಡಿಗೆ ಮೊದಲ ಬಲಿ ಯಾರು? ನಾನೇ! ತಿಂಗಳು ತುಂಬುತ್ತಿದ್ದ ಸೊಸೆಯನ್ನು ಕರೆದುಕೊಂಡು ಹೋದರೆ, ನರ್ಸು ನನಗೆ ಹೊರಗಿನ ಬೆಂಚು ತೋರಿಸಿದಳು. ಸೊಸೆಯನ್ನು ಏನು ಕೇಳಿದರೂ ಉತ್ತರ ಹೇಳುವುದು ನಾನಲ್ಲವೇ? ಅಲ್ಲಿಂದಲೇ ಓರಗಿತ್ತಿಗೆ ಫೋನು ಹಚ್ಚಿ ಬೈದೆ.

"ಬೈಯಿ, ಬೈಯಿ. ಬೆಂಚು ಬಿಟ್ಟು ಮಾತ್ರ ಏಳ್ಬೇಡ." ಅದೂ ಸಲಹೆಯೇ!

ಒಳಗೆ ಸೊಸೆ ಬಾಯಿ ಬಿಟ್ಟಿದ್ದಳು. ವಾರದಿಂದ ತಲೆನೋವು, ಕಣ್ಣು ಮಂಜು. ನನಗೆ ಹೇಳಿದರೆ 'ನಮಗೂ ಬಂದಿತ್ತು, ಸುಮ್ನಿರು' ಅಂತೀನೆಂದು ನುಂಗಿಕೊಂಡಿದ್ದಳಂತೆ. ಬಿಪಿ ಏರಿ ಕೂತಿತ್ತು. ಅವತ್ತೇ ದೊಡ್ಡಾಸ್ಪತ್ರೆಗೆ ಕಳಿಸಿದರು. ಮೂರನೇ ದಿನಕ್ಕೆ ಹೆಣ್ಣು ಮಗು! ತಾಯಿ, ಮಗು ಇಬ್ಬರೂ ಕ್ಷೇಮ! ಆ ಮೂಗೇನು, ಆ ಪುಟ್ಟ ಬೆರಳೇನು, ಎಷ್ಟೂಂತ ಹೇಳಲಿ! ಈಗ ಚಿಕ್ಕಬಾಣಾವರದ ಕಡೆಯ ಆಸ್ಪತ್ರೆಯವರೂ ಬಂದು ಬೋರ್ಡು ನೋಡಿಕೊಂಡು ಹೋಗಿದ್ದಾರೆ. ಅಲ್ಲಿಯ ಅತ್ತೆಯರೇ, ಹುಷಾರು!

ಮನೆಗೆ ಬಂದ ದಿನ ಮಗುವನ್ನು ಓರಗಿತ್ತಿಯ ಮಡಿಲಿಗೆ ಹಾಕಿ ಕೇಳಿದೆ, "ಅಲ್ಲಕ್ಕಾ, ಅತ್ತೇರನ್ನ ಹೊರಗಾಕೋ ಯೋಚ್ನೆ ನಿಂಗೆಲ್ಲಿಂದ ಬಂತು?"

"ನನ್ನ ಮೊದಲ್ನೇ ಬಸಿರಲ್ಲೂ ಇಂಗೇ ತಲೆನೋವು ಬಂದಿತ್ತು ಕಣೇ. ಡಾಕ್ಟ್ರು ಕೇಳಿದ್ರು. ಪಕ್ಕದಲ್ಲಿ ಅತ್ತೆ ಕೂತಿದ್ರು."

ಆ ಮಗು ಉಳಿಯಲಿಲ್ಲ ಎಂಬುದಷ್ಟೇ ನನಗೆ ಇದುವರೆಗೆ ಗೊತ್ತಿದ್ದದ್ದು.

ಮಗುವಿನ ಕತ್ತಿನ ಕೆಳಗೆ ಕೈಯಿಟ್ಟು, ಊರಿಗೆಲ್ಲ ಸಲಹೆ ಕೊಡುವವಳು ಮೆಲ್ಲಗೆ ನನ್ನನ್ನು ಕೇಳಿದಳು, "ತಲೆ ಸರಿಯಾಗಿ ಹಿಡ್ದಿದ್ದೀನಾ, ನೋಡೇ?"