ಹದಿನೇಳನೇ ಸಂಖ್ಯೆಯ ಹೆಬ್ಬೆರಳು

ಮನುಷ್ಯರು ಸುಳ್ಳು ಹೇಳುತ್ತಾರೆ, ಬೆರಳುಗಳು ಹೇಳುವುದಿಲ್ಲ ಎಂಬ ಕಾರಣಕ್ಕೆ ದೊಡ್ಡಾಸ್ಪತ್ರೆಯ ಹಾಜರಿ ಪುಸ್ತಕವನ್ನು ರದ್ದುಪಡಿಸಿ, ಬಾಗಿಲ ಬಳಿ ಬೆರಳಚ್ಚು ಯಂತ್ರವನ್ನು ಕೂರಿಸಲಾಯಿತು. ಯಂತ್ರ ಒಪ್ಪಿದವರು ಹಾಜರು, ಒಪ್ಪದವರು ಗೈರುಹಾಜರು. ಈ ವಿಷಯದಲ್ಲಿ ಕಣ್ಣಿಗೆ ಕಂಡದ್ದನ್ನು ಸಾಕ್ಷ್ಯವೆಂದು ಪರಿಗಣಿಸತಕ್ಕದ್ದಲ್ಲ ಎಂದು ಸುತ್ತೋಲೆಯೂ ಹೊರಟಿತು.

ಬ್ಲೀಚಕ್ಕ ಆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ಹನ್ನೊಂದು ವರ್ಷದಿಂದ ದಿನಗೂಲಿ. ವಾರ್ಡುಗಳಿಂದ ಬರುವ ರಕ್ತದ ಹೊದಿಕೆ, ಔಷಧಿ ಚೆಲ್ಲಿದ ದಿಂಬಿನ ಚೀಲಗಳನ್ನು ಬ್ಲೀಚಿಂಗ್ ಪೌಡರಿನ ನೀರಲ್ಲಿ ನೆನೆಸಿ, ಉಜ್ಜಿ, ಹಿಂಡಿ, ತಾರಸಿಯ ಮೇಲೆ ಹರವುತ್ತಿದ್ದಳು. ಹೊದಿಕೆಯ ಕಲೆಗಳ ಜೊತೆಗೆ ಅವಳ ಬೆರಳಿನ ಗೆರೆಗಳೂ ಯಾವತ್ತೋ ತೊಳೆದುಹೋಗಿದ್ದವು. ಒಂದು ವರ್ಷ ತಪ್ಪದೆ ಯಂತ್ರದ ಹಾಜರಿ ಸಿಕ್ಕಿದರೆ ಕೆಲಸ ಕಾಯಂ ಎಂದು ಆದೇಶ ಬಂದ ದಿನ ಅವಳು ಹೆಬ್ಬೆರಳನ್ನು ಸೆರಗಿನಿಂದ ಮೂರು ಸಲ ಒರೆಸಿ ಇಟ್ಟಳು. ಯಂತ್ರ, "ಮತ್ತೊಮ್ಮೆ ಪ್ರಯತ್ನಿಸಿ" ಎಂದಿತು. ಹತ್ತೂ ಬೆರಳು ಮುಗಿದ ಮೇಲೂ ಅದರ ಅಭಿಪ್ರಾಯ ಬದಲಾಗಲಿಲ್ಲ.

ಅಷ್ಟರಲ್ಲಿ ವಾಚ್‌ಮನ್ ಮಾವ ಜೇಬಿನಿಂದ ಒಂದು ಡಬ್ಬಿ ತೆಗೆದು, ಅದರೊಳಗಿದ್ದ ರಬ್ಬರ್ ಹೆಬ್ಬೆರಳನ್ನು ಯಂತ್ರಕ್ಕೆ ಒತ್ತಿದರು. ಒಂದೇ ಸಲಕ್ಕೆ ಹಸಿರು ದೀಪ ಹತ್ತಿತು.

"ಉಗ್ರಾಣದ ಸಾಹೇಬರು ಬಂದ್ರು," ಎಂದರು ಮಾವ.

ಉಗ್ರಾಣದ ಸಾಹೇಬರು ಪಕ್ಕದೂರಿನಲ್ಲಿ ತಮ್ಮ ಟೈಲ್ಸ್ ಅಂಗಡಿಯಲ್ಲಿ ಕೂತಿದ್ದರು.

"ಇದೇನು ಮಾವ, ಮೋಸ ಅಲ್ವಾ?"

"ಮೋಸ ಆಗಿದ್ರೆ ಕೆಂಪು ದೀಪ ಹತ್ತಬೇಕಿತ್ತಲ್ಲಮ್ಮ!"

ಆ ತಿಂಗಳು ಇಪ್ಪತ್ತಾರು ದಿನ ಒಗೆದ ಬ್ಲೀಚಕ್ಕನಿಗೆ ಮೂರು ದಿನದ ಹಾಜರಿ ಸಿಕ್ಕಿತು. ಅವಳು ಒದ್ದೆ ಕೈಯಲ್ಲೇ ಆಡಳಿತಾಧಿಕಾರಿಯ ಕೋಣೆಗೆ ನುಗ್ಗಿದಳು.

"ಸಾರ್, ದಿನಾ ನೀವೇ ನನ್ನ ನೋಡ್ತೀರಿ. ನಿಮ್ಮ ಕುರ್ಚಿ ಮೇಲಿನ ಟವೆಲ್ ಇವತ್ತು ಬೆಳಗ್ಗೆ ಹಾಕಿದ್ದೇ ನಾನು."

"ನೋಡ್ತೀನಮ್ಮ. ಆದರೆ ನಾನು ಯಂತ್ರ ಅಲ್ವಲ್ಲ," ಎಂದರು ಅವರು. ದನಿಯಲ್ಲಿ ನಿಜವಾದ ವಿಷಾದವಿತ್ತು.

"ಹಾಗಾದ್ರೆ ಊರಲ್ಲೇ ಇಲ್ಲದೋರ ರಬ್ಬರ್ ಬೆರಳು ಹೆಂಗೆ ಹಾಜರಿ ಹಾಕುತ್ತೆ?"

ವಿಷಯ ಗಂಭೀರವಾಗಿದ್ದುದರಿಂದ ಭದ್ರತಾ ಸುಧಾರಣಾ ಸಮಿತಿಯೊಂದನ್ನು ರಚಿಸಲಾಯಿತು. ಈ ಕ್ಷೇತ್ರದಲ್ಲಿ ಅನುಭವವಿದ್ದವರು ಉಗ್ರಾಣದ ಸಾಹೇಬರೊಬ್ಬರೇ ಆದ್ದರಿಂದ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಲಾಯಿತು. ಮೊದಲ ಸಭೆಗೆ ಅವರ ಬೆರಳು ಬಂದಿತ್ತು.

ಸಮಿತಿ ನೂರು ಸಲ ಪರೀಕ್ಷೆ ನಡೆಸಿತು. ಈರುಳ್ಳಿ ಹೆಚ್ಚಿದ ಬೆರಳು, ಗಾಯಕ್ಕೆ ಪಟ್ಟಿ ಸುತ್ತಿದ ಬೆರಳು, ವಯಸ್ಸಾದ ಬೆರಳು, ಬರೀ ಬೆವರಿದ ಬೆರಳು, ಎಲ್ಲವೂ ಒಂದಲ್ಲ ಒಂದು ಸಲ ಸೋತವು. ರಬ್ಬರ್ ಬೆರಳು ಒಮ್ಮೆಯೂ ಸೋಲಲಿಲ್ಲ. ಯಂತ್ರದಲ್ಲಿ ದೋಷವಿಲ್ಲ, ಸಿಬ್ಬಂದಿಯ ಬೆರಳುಗಳ ಗುಣಮಟ್ಟ ತೃಪ್ತಿಕರವಾಗಿಲ್ಲ ಎಂದು ವರದಿ ಬಂದಿತು. ಅಲ್ಲದೆ, ಸಿಬ್ಬಂದಿ ತಮ್ಮ ಬೆರಳನ್ನು ಲೋಟದ ಮೇಲೆ, ಬಾಗಿಲ ಹಿಡಿಯ ಮೇಲೆ, ಬಸ್ಸಿನ ಕಂಬಿಯ ಮೇಲೆ ಎಲ್ಲೆಂದರಲ್ಲಿ ಊರಿ ಗುರುತನ್ನು ಚೆಲ್ಲಾಡುತ್ತಿರುವುದು ಸಮಿತಿಯ ಗಮನಕ್ಕೆ ಬಂದಿದೆ. ಇಂಥ ಗುರುತು ಒಮ್ಮೆ ಕಳುವಾದರೆ ಬದಲಿಸಿಕೊಳ್ಳಲು ಬರುವುದಿಲ್ಲ. ರಬ್ಬರ್ ಬೆರಳನ್ನಾದರೋ ಬೀರುವಿನಲ್ಲಿಟ್ಟು ಬೀಗ ಹಾಕಬಹುದು. ಆದಕಾರಣ ಇನ್ನು ಮುಂದೆ ಆಸ್ಪತ್ರೆಯೇ ಎಲ್ಲರಿಗೂ ಮೊಹರು ಹಾಕಿದ ರಬ್ಬರ್ ಹೆಬ್ಬೆರಳು ನೀಡತಕ್ಕದ್ದು.

ಬ್ಲೀಚಕ್ಕನಿಗೆ ಬಂದದ್ದು ಹದಿನೇಳನೇ ಸಂಖ್ಯೆ.

"ನನ್ನ ಬೆರಳಲ್ಲಿ ಗೆರೆನೇ ಇಲ್ಲ. ಇದಕ್ಕೆಲ್ಲಿಂದ ಬಂತು?" ಎಂದು ಕೇಳಿದಳು.

"ತೀರಿಕೊಂಡ ಕಾಂಪೌಂಡರ್‌ದು ಸ್ಟಾಕಿನಲ್ಲಿತ್ತು," ಎಂದರು ವಾಚ್‌ಮನ್ ಮಾವ. "ಒಳ್ಳೇ ಗೆರೆ. ಒಂದು ದಿನಾನೂ ರಜೆ ಹಾಕಿದೋರಲ್ಲ ಪುಣ್ಯಾತ್ಮ."

ಮೇಲಿನಿಂದ ಮತ್ತೊಂದು ಸುಧಾರಣೆ ಬಂತು. ಬೆರಳು ಜೀವಂತವಾಗಿದೆಯೇ ಎಂದು ಯಂತ್ರ ಇನ್ನು ಮುಂದೆ ಶಾಖ ನೋಡುತ್ತದೆ. ಇಡೀ ಆಸ್ಪತ್ರೆಯಲ್ಲಿ ಬಿಸಿನೀರು ಇದ್ದದ್ದು ಬ್ಲೀಚಕ್ಕನ ಹತ್ತಿರವೇ. ಹೀಗಾಗಿ ನಲವತ್ತಮೂರು ಹೆಬ್ಬೆರಳುಗಳ ಜೀವಂತಿಕೆಯ ಹೊಣೆ ಅವಳ ಮೇಲೆ ಬಿತ್ತು. ಬೆಳಗ್ಗೆ ಎಂಟಕ್ಕೆ ಬೋಗುಣಿಯಲ್ಲಿ ನೀರು ತೋಡಿ, ಮಗುವಿನ ಸ್ನಾನಕ್ಕೆ ನೋಡುವಂತೆ ಮೊಣಕೈ ಅದ್ದಿ ಹದ ನೋಡಿ, ಬೆರಳುಗಳನ್ನು ಮುಳುಗಿಸಿ ಒರೆಸಿ ಕೊಡುತ್ತಿದ್ದಳು. ಒಂದು ದಿನ ನೀರು ಹೆಚ್ಚು ಕಾದಿದ್ದರಿಂದ ಎಲ್ಲ ಬೆರಳಿಗೂ ಜ್ವರವೆಂದು ಯಂತ್ರ ದಾಖಲಿಸಿತು. ಅವುಗಳಿಗೆ ಎರಡು ದಿನ ವಿಶ್ರಾಂತಿ ಸಿಕ್ಕಿತು. ಅವಳು ಆ ಎರಡು ದಿನವೂ ಒಗೆದಳು.

ರಬ್ಬರ್ ಹೆಬ್ಬೆರಳು ಬಂದು ವರ್ಷ ತುಂಬಿತು. ಆಡಳಿತಾಧಿಕಾರಿ ಅವಳನ್ನು ಕರೆಸಿ, ಎದ್ದು ನಿಂತು ಆದೇಶ ಓದಿದರು: "ಹದಿನೇಳನೇ ಸಂಖ್ಯೆಯ ಹೆಬ್ಬೆರಳಿನ ಸೇವೆಯನ್ನು ಈ ಮೂಲಕ ಕಾಯಂಗೊಳಿಸಲಾಗಿದೆ."

"ಸಾರ್, ನಾನು?"

"ಗೆರೆ ಕಾಂಪೌಂಡರ್‌ದು, ರಬ್ಬರ್ ಆಸ್ಪತ್ರೆದು. ನಿನ್ನದು ಅಂತ ಅದರಲ್ಲಿ ಏನಿದೆ ಹೇಳಮ್ಮ?"

"ಒಗೆದಿದ್ದು ನಾನಲ್ವಾ ಸಾರ್?"

"ಅದಕ್ಕೇ ನಿನ್ನ ಕೈಬಿಟ್ಟಿಲ್ಲ. ಬೆರಳಿನ ಅವಲಂಬಿತರ ಪಟ್ಟಿಯಲ್ಲಿ ನಿನ್ನ ಹೆಸರು ಬರೆಸಿದ್ದೀನಿ. ನಾಳೆ ಅದಕ್ಕೆ ಏನಾದರೂ ಆಗಿಹೋದರೆ, ಅನುಕಂಪದ ಮೇಲೆ ಆ ಕೆಲಸ ನಿನಗೇ."

ಸಹಿ ಹಾಕು ಎಂದರು. ಅವಳ ಹೆಬ್ಬೆಟ್ಟು ಮೂಡದೆ ಇದ್ದುದರಿಂದ ಬೀರುವಿನಿಂದ ಬೆರಳನ್ನೇ ತರಿಸಿ ಒತ್ತಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು.

ಮನೆಗೆ ಬಂದು ವಿಷಯ ಹೇಳಿದಾಗ ಅತ್ತೆ ಮೊಮ್ಮಗಳನ್ನು ಸೊಂಟದಿಂದ ಇಳಿಸಿ, ಎಲ್ಲರ ಬಾಯಿಗೂ ಒಂದೊಂದು ಚಿಟಿಕೆ ಸಕ್ಕರೆ ಹಾಕಿದರು.

"ಅಂತೂ ಮನೆಗೊಂದು ಕಾಯಂ ಕೆಲಸ ಬಂತಲ್ಲೇ," ಎಂದು ಕಣ್ಣೊರೆಸಿಕೊಂಡರು. ಆಮೇಲೆ ಹತ್ತಿರ ಸರಿದು ದನಿ ತಗ್ಗಿಸಿದರು. "ಅದರ ಆರೋಗ್ಯ ಹೆಂಗಿದೆ?"

"ಗಟ್ಟಿಮುಟ್ಟಾಗಿದೆ ಅತ್ತೆ. ಇನ್ನೂ ಮೂವತ್ತು ವರ್ಷ ಏನೂ ಆಗಲ್ಲವಂತೆ."

ಅತ್ತೆ ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿದರು.

"ಹೋಗಲಿ ಬಿಡು," ಎಂದರು. "ನಾವು ಹಂಗೆಲ್ಲ ಆಸೆ ಪಡಬಾರದು. ಎಷ್ಟೆಂದ್ರೂ ಮನೆಗೆ ದುಡಿಯೋ ಜೀವ."