ನಮ್ಮ ಮನೆಯ ಹದಿಮೂರನೆಯ ಕುಲಾಧಿಪತಿ

ಇಸ್ರಾಯೇಲರಿಗೆ ಹನ್ನೆರಡು ಕುಲಾಧಿಪತಿಗಳಿದ್ದರು ಎನ್ನುತ್ತದೆ ಸತ್ಯವೇದ. ಹದಿಮೂರನೆಯವರು ಅಡಿಲೇಡಿನ ಗ್ಲೆನೆಲ್ಗ್‌ನಲ್ಲಿದ್ದಾರೆ. ನನ್ನ ಹೆಂಡತಿಯ ಅಣ್ಣ!

ಭಾನುವಾರ ಸಂಜೆ ವಿಡಿಯೋ ಕರೆಯಲ್ಲಿ ನಮ್ಮ ಕುಟುಂಬ ಪ್ರಾರ್ಥನೆ. ಅದಕ್ಕಾಗಿ ಭಾವ ನಮ್ಮನ್ನೆಲ್ಲ ಪರ್ತ್ ಕುಲ, ಅಡಿಲೇಡ್ ಕುಲ, ಬ್ರಿಸ್ಬೇನ್ ಕುಲ ಎಂದು ವಿಂಗಡಿಸಿದ್ದಾರೆ. ಪರ್ತಿಗೆ ನಾನೇ ಅಧಿಪತಿಯಂತೆ! ಮಗಳ ಮನೆಯಲ್ಲಿ ಟಿವಿ ರಿಮೋಟೇ ನನ್ನ ಕೈಗೆ ಸಿಗದು.

ಬ್ರಿಸ್ಬೇನಿಗೆ ನನ್ನ ಮಗ. ಹೈಸ್ಕೂಲಿಗೇ ಓದು ನಿಲ್ಲಿಸಿದ ನಾನು, ಮಗ ಡಾಕ್ಟರಾಗುತ್ತಾನೆಂದು ಕಂಡವರಿಗೆಲ್ಲ ಹೇಳಿದ್ದೆ. ಅವನು ಓದು ಬಿಟ್ಟು ಅಲ್ಲಿನ ಟೂವಾಂಗ್‌ನ ಕೆಫೆಯಲ್ಲಿ ಅಡುಗೆಯವನಾದ. ನಾನು ಅವನೊಡನೆ ಮಾತು ಬಿಟ್ಟೆ, ಭಾನುವಾರದ ಕರೆಯಲ್ಲೂ. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ.

ಆ ಕುಲಾಧಿಪತಿಗಳೆಲ್ಲ ದೇವರಿಗೆ ಒಂದೇ ಬಗೆಯ ಕಾಣಿಕೆ ತಂದರಷ್ಟೇ? ಹಾಗಾಗಿ ಕ್ರಿಸ್ಮಸ್ಸಿಗೆ ಎಲ್ಲ ಮನೆಯವರೂ ಕರಿದ ಸಿಹಿ ತಿಂಡಿ ಕಲ್ಕಲವನ್ನೇ ತರಬೇಕೆಂದು ಭಾವನ ಆಜ್ಞೆ. ಗ್ಲೆನೆಲ್ಗ್‌ನಲ್ಲಿ ಕಲ್ಕಲದ ಬೆಟ್ಟ! ಊಟಕ್ಕೆ? ಪೆಟ್ರೋಲ್ ಬಂಕಿನ ಪೈ. ಮಗ ಬರಲಿಲ್ಲ. ನಾನು ಬರುವುದು ಅವನಿಗೆ ಗೊತ್ತಿತ್ತು.

ಕಳೆದ ತಿಂಗಳು ಆ ಕಾಣಿಕೆಯ ಅಧ್ಯಾಯ ಓದುವ ಸರದಿ ನನ್ನದಾಯಿತು. ಮೊದಲನೆಯವನು ಬೆಳ್ಳಿ ತಟ್ಟೆ, ಬಟ್ಟಲು, ಹೋರಿ, ಟಗರು ತರುತ್ತಾನೆ. ಎರಡನೆಯವನೂ ಅದೇ. ಮೂರನೆಯವನೂ ಅದೇ! "ಉಳಿದವರೂ ಹಾಗೇ ತಂದರು" ಎಂದು ಪುಸ್ತಕ ಮುಚ್ಚಿದೆ.

"ಅಲ್ಲಾರೀ!" ಎಂದು ಭಾವ ಗದರಿಸಿದರು. "ಒಂಬತ್ತು ಜನ ಕಾಣಿಕೆ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದಾರೆ. ಒಳಗೆ ಕರೀರಿ!"

"ಎಲ್ಲರದ್ದೂ ಅದೇ ತಟ್ಟೆ ಅಲ್ವೇನ್ರೀ?"

"ತಟ್ಟೆ ಅದೇ. ತಂದೋನು ಬೇರೆ!"

"ತಾತಾ, ಸಾಸೇಜಸ್ ಆರ್ ಬರ್ನಿಂಗ್!" ಎಂದು ಹಿತ್ತಲಿನಿಂದ ಮೊಮ್ಮಗಳು ಕೂಗಿದಳು. ಹನ್ನೆರಡನೆಯವನು ಒಳಗೆ ಬರುವಷ್ಟರಲ್ಲಿ ಅವೂ ಪೂರ್ತಿ ಸುಟ್ಟು ಸರ್ವಾಂಗಹೋಮವಾಗಿದ್ದವು!

ಓದಿದವರೇ ಒಂದೊಂದು ಮನೆಯ ಹೆಸರು ಹೇಳಿ ಆಶೀರ್ವಾದ ಬೇಡುವುದು ನಮ್ಮ ರೂಢಿ. ಪರ್ತಿನವರ ಹೆಸರು ಹೇಳಿದೆ, ಅಡಿಲೇಡಿನವರದ್ದೂ ಹೇಳಿದೆ. ಆಮೇಲೆ, "ಉಳಿದವರನ್ನೂ..." ಎಂದು ನಿಂತೆ.

ಭಾವ ಗದರಿಸುತ್ತಾರೆಂದು ಕಾದೆ. ಒಂದು ಕಣ್ಣು ತೆರೆದು ನೋಡಿದೆ. ಅವರು ಕಣ್ಣು ಮುಚ್ಚಿ ಕಾಯುತ್ತಾ ಕೂತಿದ್ದರು. ಪಕ್ಕದ ಚೌಕದಲ್ಲಿ ಮಗ, ಏಪ್ರನ್ನಿನಲ್ಲೇ, ತಲೆ ತಗ್ಗಿಸಿ ನಿಂತಿದ್ದ.

"ಕರ್ತನೇ, ನನ್ನ ಮಗನನ್ನು..." ಎಂದೆ.

"ಹೆಸರು ಹೇಳಿ ಅಂದ್ರೆ," ಹೆಂಡತಿ ಮೊಣಕೈಯಿಂದ ತಿವಿದಳು.

ಹೇಳಿದೆ. ಬ್ರಿಸ್ಬೇನಿನಿಂದ ಮೆಲ್ಲಗೆ "ಆಮೆನ್" ಕೇಳಿಸಿತು.

ಒಂದು ಸಾಲನ್ನೂ ಬಿಡದ ನಮ್ಮ ಭಾವ ಅಂದು ಕಡೆಯ ಕೀರ್ತನೆಯನ್ನೇ ಬಿಟ್ಟರು. "ಎಲ್ಲರೂ ಫೋನ್ ಇಡ್ರಪ್ಪಾ, ಸಾಕು" ಎಂದು ತಾವೇ ಮೊದಲು ಹೊರಟರು. ಪರದೆಯ ಮೇಲೆ ಒಂದೇ ಚೌಕ ಉಳಿಯಿತು.

"ಊಟ ಆಯ್ತೇನೋ?" ಎಂದೆ.

"ಇನ್ನೂ ಇಲ್ಲಪ್ಪ. ನಿಮ್ದು?"